ಗ್ಯಾರೇಜ್ ಕಟ್ಟೆ: ಹೊಡೆತ ಎಲ್ಲಿಗೆ ಹೋಗಿ ನಿಂತಿದೆ?

ಈ ಸಲ ಬಂದ ಪತ್ರಗಳಲ್ಲಿ ಐದು ಎಟಿವಿ (ತೋಟ, ಮಣ್ಣು, ಮರಳಿನಲ್ಲೂ ಓಡುವ, ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಗಾಲಿಯ ಗಾಡಿ) ಬಗ್ಗೆಯೇ ಇವೆ. ಅದರಲ್ಲೂ ಮೂರು ಗುದ್ದಿಸಿಕೊಂಡ ಗಾಡಿಗಳದ್ದು. ಹಾಗಾಗಿ ಬೈಕು, ಪಂಪ್‌ಸೆಟ್ಟಿನ ಪ್ರಶ್ನೆಗಳು ಮುಂದಿನ ಸಂಚಿಕೆಗೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಎರಡು ವರ್ಷದ ಹಿಂದೆ ಒಂದು ಹಳೆಯ 250 ಸಿಸಿ ಎಟಿವಿ ತೆಗೆದುಕೊಂಡೆ. ಸೊಪ್ಪು, ಗೊಬ್ಬರ, ಅಡಿಕೆ ಕೊನೆ, ಮಳೆಗಾಲದಲ್ಲಿ ಕೊಳೆ ಔಷಧಿಯ ಡ್ರಮ್ಮು ಎಲ್ಲ ಅದರ ಮೇಲೆಯೇ. ಕಳೆದ ತಿಂಗಳು ತಮ್ಮನ ಮಗ ಇಳಿಜಾರಿನಲ್ಲಿ ಬಂದವನು ಗೇಟಿನ ಚಿರೆಕಲ್ಲಿನ ಕಂಬಕ್ಕೆ ಗುದ್ದಿದ. ಪುಣ್ಯಕ್ಕೆ ಅವನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮುಂದಿನ ಎಡಗಾಲಿ ಒಳಗೆ ತಿರುಗಿ ನಿಂತಿತ್ತು. ಊರಿನ ಮೆಕ್ಯಾನಿಕ್ ಸೊಟ್ಟಗಾದ ಟೈ ರಾಡ್ (ಹ್ಯಾಂಡಲ್ ತಿರುಗಿಸಿದ್ದನ್ನು ಗಾಲಿಗೆ ಮುಟ್ಟಿಸುವ ಸರಳು) ಬಿಚ್ಚಿ, ಬಡಿದು ನೆಟ್ಟಗೆ ಮಾಡಿ, ಗಾಲಿ ನೇರ ಮಾಡಿಕೊಟ್ಟ. ಈಗ ನೇರ ಹೋಗಬೇಕೆಂದರೆ ಹ್ಯಾಂಡಲ್ ಬಲಕ್ಕೆ ತಿರುಗಿಸಿ ಹಿಡಿಯಬೇಕು. ಕೈ ಸಡಿಲ ಬಿಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಇನ್ನೂ ಜಾಸ್ತಿ. ಹೊಸ ಟೈ ರಾಡ್ ಹಾಕಿದರೆ ಸರಿಯಾಗುತ್ತದಾ?

ಉತ್ತರ: ಹೊಸ ಟೈ ರಾಡ್ ಬೇಕೇ ಬೇಕು. ಆದರೆ ಅದೊಂದರಿಂದ ಸರಿಯಾಗುವ ಲಕ್ಷಣ ಕಾಣುತ್ತಿಲ್ಲ. ನಿಮ್ಮ ಮೆಕ್ಯಾನಿಕ್ ಗಾಲಿಯನ್ನು ನೇರ ಕಾಣುವ ಹಾಗೆ ಮಾಡಿದ್ದಾನೆ. ನೇರ ಕಾಣುವುದು ಬೇರೆ, ಗಾಲಿ ತನ್ನ ಜಾಗದಲ್ಲಿ ಇರುವುದು ಬೇರೆ. ಗಾಲಿ ಒಂದು ಇಂಚು ಹಿಂದೆ ಸರಿದಿದ್ದರೂ ಟೈ ರಾಡ್ ತಿರುಗಿಸಿ ನೇರ ನಿಲ್ಲಿಸಬಹುದು. ಆಗ ಕಣ್ಣಿಗೆ ಚಂದ, ಓಡಿಸುವಾಗ ಎಡಕ್ಕೆ ಎಳೆತ.

ಹೊಡೆತ ಬಿದ್ದದ್ದು ಗಾಲಿಗೆ ನಿಜ, ಆದರೆ ಅದು ಅಲ್ಲೇ ನಿಲ್ಲುವುದಿಲ್ಲ. ಗಾಲಿಯಿಂದ ಅದನ್ನು ಹಿಡಿದು ತಿರುಗುವ ಗೆಣ್ಣಾದ ನಕಲ್‌ಗೆ, ಅಲ್ಲಿಂದ ಗುಂಡಿನ ಕೀಲಾದ ಬಾಲ್ ಜಾಯಿಂಟಿಗೆ, ಅಲ್ಲಿಂದ ಮೇಲಿನ ಮತ್ತು ಕೆಳಗಿನ ಎ-ಆರ್ಮಿಗೆ (ಗಾಲಿಯನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ ಸೇರಿಸುವ ತೋಳು), ಕೊನೆಗೆ ಆ ಆರ್ಮ್ ಚಾಸಿಗೆ ಕೂರುವ ಬ್ರಾಕೆಟ್ಟಿಗೆ. ಅದು ಒಂದು ದಾರಿ. ಇನ್ನೊಂದು ದಾರಿ ಟೈ ರಾಡಿನ ಮೂಲಕ ಸ್ಟೀರಿಂಗ್ ಕಾಲಮ್ಮಿಗೆ, ಅಲ್ಲಿಂದ ಹ್ಯಾಂಡಲ್ಲಿಗೆ. ಈ ಎರಡೂ ದಾರಿಯಲ್ಲಿ ಹೊಡೆತ ಎಲ್ಲಿಯವರೆಗೆ ಹೋಗಿ ನಿಂತಿದೆ ಅನ್ನುವುದು ಗೊತ್ತಾಗುವ ತನಕ ಒಂದು ರೂಪಾಯಿಯ ಸಾಮಾನೂ ತರಿಸಬೇಡಿ. ನಾನು ಒಮ್ಮೆ ಆ ತಪ್ಪು ಮಾಡಿದ್ದೇನೆ. ಆರ್ಮು, ಬಾಲ್ ಜಾಯಿಂಟು, ಟೈ ರಾಡು ಎಲ್ಲ ಹೊಸದು ತರಿಸಿ ಜೋಡಿಸಲು ಕೂತರೆ ಬೋಲ್ಟೇ ತೂರಲಿಲ್ಲ. ಬ್ರಾಕೆಟ್ಟೇ ಹಿಂದಕ್ಕೆ ಮಡಚಿತ್ತು. ಗಿರಾಕಿಯ ಮುಖ ಇನ್ನೂ ನೆನಪಿದೆ.

ಮೊದಲು ನಾಲ್ಕೂ ಗಾಲಿಯ ಗಾಳಿ ಸರಿ ಮಾಡಿ. ಎಡ ಬಲ ಒಂದೇ ಇರಬೇಕು, ಇಲ್ಲದಿದ್ದರೆ ಅಳತೆಯೆಲ್ಲ ಸುಳ್ಳು. ಇದರ ಬಗ್ಗೆ ಕೆಳಗೆ ಕಾರವಾರದವರ ಪ್ರಶ್ನೆ ನೋಡಿ. ಆಮೇಲೆ ಗಾಡಿಯನ್ನು ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳಕ್ಕೆ ತನ್ನಿ. ಇಷ್ಟು ಸಮತಟ್ಟಾದ ಜಾಗ ಎಷ್ಟೋ ಗ್ಯಾರೇಜಿನಲ್ಲೂ ಇರುವುದಿಲ್ಲ. ಗಾಲಿಗಳನ್ನು ನೇರ ನಿಲ್ಲಿಸಿ, ಹಿಂದಿನ ಗಾಲಿಯ ನಡುವಿನಿಂದ ಮುಂದಿನ ಗಾಲಿಯ ನಡುವಿಗೆ ಟೇಪ್ ಹಿಡಿದು ಅಳೆಯಿರಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸ ಹಳೆಯ ಗಾಡಿಗೆ ಇದ್ದದ್ದೇ. ಎಡಗಡೆ ಹದಿನೈದು ಇಪ್ಪತ್ತು ಮಿಲಿಮೀಟರ್ ಕಡಿಮೆ ಬಂದರೆ ಗಾಲಿ ಹಿಂದಕ್ಕೆ ಹೋಗಿದೆ ಎಂದೇ ಅರ್ಥ. ನಿಮ್ಮ ಗಾಡಿಯಲ್ಲಿ ಹಾಗೇ ಬರುತ್ತದೆ ಎಂದು ನನ್ನ ಊಹೆ.

ಈಗ ಎದುರಿಗೆ ಕುಳಿತು ಗಾಲಿಯ ವಾಲಿಕೆ ನೋಡಿ. ಸೊಟ್ಟಗಾದ ಆರ್ಮ್ ಗಿಡ್ಡವಾಗುತ್ತದೆ, ಇದೊಂದು ನೆನಪಿಟ್ಟರೆ ಸಾಕು. ಕೆಳಗಿನ ಆರ್ಮ್ ಬೆಂಡ್ ಆಗಿದ್ದರೆ ಗಾಲಿಯ ಬುಡ ಒಳಗೆ ಬಂದು ತಲೆ ಹೊರಗೆ ವಾಲುತ್ತದೆ. ಮೇಲಿನದು ಬೆಂಡ್ ಆಗಿದ್ದರೆ ತಲೆ ಒಳಗೆ. ಬಲಗಾಲಿಗೆ ಹೋಲಿಸಿ ನೋಡಿ, ಗಾರೆ ಕೆಲಸದವರ ಲೆವೆಲ್ ಪಟ್ಟಿಯನ್ನು ರಿಮ್ಮಿಗೆ ಹಿಡಿದರೆ ಇನ್ನೂ ಸ್ಪಷ್ಟ. ಆದರೆ ರಿಮ್ಮೇ ಸೊಟ್ಟಗಾಗಿದ್ದರೆ ಇದೂ ಸುಳ್ಳು ಹೇಳುತ್ತದೆ. ಅದಕ್ಕೇ ಮುಂಭಾಗ ಜಾಕ್ ಕೊಟ್ಟು ಎತ್ತಿ ಗಾಲಿ ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿ ಹಿಡಿದು ರಿಮ್ ಎಷ್ಟು ಓಲಾಡುತ್ತದೆ ನೋಡಿಕೊಳ್ಳಿ. ತಿರುಗಿಸುವಾಗ ಬ್ರೇಕ್ ಒಂದು ಜಾಗದಲ್ಲಿ ಉಜ್ಜುತ್ತಿದೆಯಾ? ಉಜ್ಜಿದರೆ ಡಿಸ್ಕ್ ಅಥವಾ ಸ್ಪಿಂಡಲ್ ಬೆಂಡ್ ಆಗಿರಬಹುದು. ನೀವು ಹೇಳಿದ ಬ್ರೇಕಿನ ಎಳೆತಕ್ಕೆ ಅದೂ ಒಂದು ಕಾರಣ. ಗಾಲಿಯ ಮೇಲೂ ಕೆಳಗೂ ಕೈ ಇಟ್ಟು ಅಲುಗಿಸಿ, ಕಟ್ ಕಟ್ ಎಂದರೆ ಬಾಲ್ ಜಾಯಿಂಟ್ ಇಲ್ಲವೇ ಗಾಲಿಯ ಬೇರಿಂಗ್. ಯಾವುದು ಎಂದು ತಿಳಿಯಲು ಮನೆಯವರನ್ನು ಕರೆದು ಬ್ರೇಕ್ ಹಿಡಿಸಿ. ಬ್ರೇಕ್ ಹಿಡಿದಾಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್.

ಹ್ಯಾಂಡಲ್ ಬಲಕ್ಕೆ ಹಿಡಿಯಬೇಕು ಎಂದಿರಲ್ಲ, ಅದನ್ನು ಹುಡುಕುವುದು ಬಹಳ ಸುಲಭ, ಆದರೂ ಯಾಕೋ ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ. ಸ್ಟೀರಿಂಗ್ ಕಾಲಮ್ಮಿನ ಬುಡದಲ್ಲಿ ಎರಡು ಟೈ ರಾಡ್ ಸಿಕ್ಕಿಸುವ ಒಂದು ಪ್ಲೇಟ್ ಇರುತ್ತದೆ. ಗಾಲಿ ನೇರ ನಿಲ್ಲಿಸಿ ಆ ಪ್ಲೇಟನ್ನು ಟಾರ್ಚ್ ಹಾಕಿ ನೋಡಿ. ಪ್ಲೇಟ್ ನೇರ ಇದ್ದು ಹ್ಯಾಂಡಲ್ ಮಾತ್ರ ಓರೆ ಇದ್ದರೆ ತೊಂದರೆ ಮೇಲಿದೆ: ಹ್ಯಾಂಡಲ್ ಕ್ಲಾಂಪಿನಲ್ಲಿ ಜಾರಿದೆ, ಹ್ಯಾಂಡಲ್ ಬೆಂಡ್ ಆಗಿದೆ, ಇಲ್ಲವೇ ಕಾಲಮ್ ತಿರುಚಿಕೊಂಡಿದೆ. ಪ್ಲೇಟೂ ಓರೆ ಇದ್ದರೆ ತೊಂದರೆ ಕೆಳಗೆ, ಅಂದರೆ ಟೈ ರಾಡಿನ ಉದ್ದ, ನಕಲ್ ಅಥವಾ ಆರ್ಮ್. ಆಮೇಲೆ ಎರಡೂ ಟೈ ರಾಡಿನ ಒಳತುದಿ ಬಿಚ್ಚಿ ಹ್ಯಾಂಡಲ್ಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಬೆಣ್ಣೆಯ ಹಾಗೆ ತಿರುಗಬೇಕು. ನಡುವೆ ಎಲ್ಲೋ ಬಿಗಿಯಾಗಿ ಮತ್ತೆ ಸಡಿಲವಾದರೆ ಕಾಲಮ್ ಬೆಂಡ್ ಆಗಿದೆ ಅಥವಾ ಅದರ ಬುಡದ ಬೇರಿಂಗ್ ಹೋಗಿದೆ. ಬೆಂಡ್ ಆದ ಕಾಲಮ್ಮನ್ನು ಕಾಯಿಸಿ ನೆಟ್ಟಗೆ ಮಾಡಿಸಬೇಡಿ, ಬದಲಾಯಿಸಿ. ಈ ಒಂದು ವಿಷಯದಲ್ಲಿ ನಾನು ಜಿಪುಣತನ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ಚಾಸಿ. ಗಾರೆಯವರ ತೂಗುಗುಂಡು ಇದೆಯಲ್ಲ, ಅದನ್ನು ಕೆಳಗಿನ ಆರ್ಮಿನ ಬೋಲ್ಟಿನ ಎರಡೂ ಕಡೆಯಿಂದ ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹಿಂದೆಯೂ ಎಡ ಬಲ ಸಮನಾದ ಎರಡು ಬಿಂದು ಹಿಡಿಯಿರಿ, ಹಿಂದಿನ ಸ್ವಿಂಗ್ ಆರ್ಮಿನ ಬೋಲ್ಟ್ ಒಳ್ಳೆಯದು, ಅಲ್ಲಿಗೆ ಹೊಡೆತ ತಲುಪುವುದು ಕಡಿಮೆ. ಈಗ ಹಿಂದಿನ ಎಡದಿಂದ ಮುಂದಿನ ಬಲಕ್ಕೆ, ಹಿಂದಿನ ಬಲದಿಂದ ಮುಂದಿನ ಎಡಕ್ಕೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಮನೆಗೆ ಪಾಯ ಹಾಕುವಾಗ ಮೂಲೆ ಮಟ್ಟ ನೋಡುತ್ತಾರಲ್ಲ, ಅದೇ ಲೆಕ್ಕ. ಎರಡೂ ಸಮ ಬಂದರೆ ನಿಮ್ಮ ಅದೃಷ್ಟ, ಹೊಡೆತ ಆರ್ಮಿನಲ್ಲೇ ನಿಂತಿದೆ. ಬೋಲ್ಟ್ ಬಿಚ್ಚಿಕೊಳ್ಳುವ ಸಾಮಾನು ಹಾಕಿದರೆ ಮುಗಿಯಿತು. ಸಮ ಬರದಿದ್ದರೆ ಬ್ರಾಕೆಟ್ ಅಥವಾ ಚಾಸಿಯ ಪೈಪ್ ಸರಿದಿದೆ. ಆಗ ಎಳೆದು ಕೂರಿಸಿ ವೆಲ್ಡ್ ಮಾಡುವ ಕೆಲಸ.

ಎಳೆಯಲು ಸರಪಳಿ, ರಾಟೆ ಸಾಕು. ಅಡಿಕೆ ಮರಕ್ಕೆ ಕಟ್ಟಬೇಡಿ, ಚಾಸಿ ಬದಲು ಮರವೇ ಬಂದೀತು. ಹಲಸಿನ ಮರ ಇದ್ದರೆ ನೋಡಿ. ಸ್ವಲ್ಪ ಸ್ವಲ್ಪವೇ ಎಳೆದು, ಬಿಟ್ಟು, ಮತ್ತೆ ಅಳೆಯಬೇಕು, ಯಾಕೆಂದರೆ ಪೈಪ್ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಬ್ರಾಕೆಟ್ ವೆಲ್ಡ್ ಮಾಡುವಾಗ ಮುಂದಿನ ಮತ್ತು ಹಿಂದಿನ ತೂತಿನಲ್ಲಿ ಒಂದೇ ಉದ್ದನೆಯ ನೇರ ಸರಳು ತೂರಿಸಿಟ್ಟೇ ಮಾಡಿಸಿ. ಇಲ್ಲದಿದ್ದರೆ ವೆಲ್ಡ್ ತಣ್ಣಗಾಗುವಾಗ ತೂತುಗಳು ತಪ್ಪಿ ಆಮೇಲೆ ಬೋಲ್ಟ್ ಹೋಗುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಮತ್ತು ಸಿಡಿಐ (ಎಂಜಿನ್ನಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಎರಡರ ಕನೆಕ್ಷನ್ನೂ ತೆಗೆದಿರಬೇಕು. ಅರ್ತ್ ಕ್ಲಾಂಪ್ ವೆಲ್ಡಿನ ಪಕ್ಕದಲ್ಲೇ ಇರಲಿ, ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನೂ ಹಾಳು ಮಾಡುತ್ತದೆ.

ಔಷಧಿ ಡ್ರಮ್ಮಿನ ವಿಷಯ ಬರೆದಿದ್ದಕ್ಕೆ ಒಂದು ಮಾತು. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ) ಸರಿಯಾಯಿತಾ ಎಂದು ನೋಡಲು ನೀವು ಚಾಕು ಅದ್ದುತ್ತೀರಿ, ಸುಣ್ಣ ಕಡಿಮೆಯಾದರೆ ಚಾಕುವಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಚಾಕುವಿಗೆ ಆಗುವುದೇ ಚಾಸಿಗೂ ಆಗುತ್ತದೆ. ಮೈಲುತುತ್ತದ ನೀರು ತುಳುಕಿ ಮುಂದಿನ ಕ್ಯಾರಿಯರಿನಿಂದ ಇಳಿದು ಆರ್ಮಿನ ಬ್ರಾಕೆಟ್ಟಿಗೇ ಬೀಳುವುದು. ಅಲ್ಲಿ ಕಬ್ಬಿಣ ತೆಳುವಾಗಿದ್ದರೆ ಕಂಬಕ್ಕೆ ಗುದ್ದುವುದೇ ಬೇಡ, ಗುಂಡಿಗೆ ಇಳಿದರೂ ಸಾಕು. ಬಣ್ಣ ಕೆರೆದು ನೋಡಿ.

ಟೈ ರಾಡಿಗೆ ಬರೋಣ. ಹಳೆಯದನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಬಡಿದು ನೆಟ್ಟಗೆ ಮಾಡಿದ್ದು ಎಷ್ಟು ನೆಟ್ಟಗಿದೆ ಎಂದು ಗೊತ್ತಾಗುತ್ತದೆ. ಒಮ್ಮೆ ಬಾಗಿ ನೆಟ್ಟಗಾದ ರಾಡು ಎರಡನೇ ಸಲ ಬೇಗ ಬಾಗುತ್ತದೆ. ಲೇತಿನಲ್ಲಿ ಮಾಡಿಸುತ್ತೇನೆ ಎಂದರೆ ಮಾಡಿಸಿ, ಆದರೆ ಹೆಚ್ಚಿನ ಗಾಡಿಗಳಲ್ಲಿ ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್ ಇರುತ್ತದೆ, ನಡುವೆ ತಿರುಗಿಸಿದರೆ ಉದ್ದ ಗಿಡ್ಡ ಆಗಲಿ ಎಂದು. ಅದನ್ನು ಮೊದಲೇ ಹೇಳಿ. ಮತ್ತೆ ದಪ್ಪ ರಾಡ್ ಹಾಕಿ ಗಟ್ಟಿ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಟೈ ರಾಡ್ ಬಾಗಿದ್ದರಿಂದ ಕಾಲಮ್ ಉಳಿಯುತ್ತದೆ. ಅದನ್ನು ಗಡಾರಿಯ ಹಾಗೆ ಮಾಡಿದರೆ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೆ, ಮುಂದಿನ ಸಲ ಸುಡುವುದು ಬೇರೆ ಕಡೆ.

ಎಲ್ಲ ಕೂರಿಸಿದ ಮೇಲೆ ಟೋ ಅಳೆಯಿರಿ, ಅಂದರೆ ಮುಂದಿನ ಎರಡು ಗಾಲಿಗಳ ನಡುವಿನ ಅಂತರ ಮುಂಭಾಗದಲ್ಲೂ ಹಿಂಭಾಗದಲ್ಲೂ ಎಷ್ಟು ವ್ಯತ್ಯಾಸ ಇದೆ ಎಂದು. ಮುಂದಿನ ಎರಡೂ ಟೈರಿನ ನಡುಗೆರೆಯ ಮೇಲೆ ಮುಂಭಾಗದಲ್ಲಿ ಆಕ್ಸಲ್ ಎತ್ತರಕ್ಕೆ ಚುಕ್ಕಿ ಇಟ್ಟು ನಡುವಿನ ಅಂತರ ಅಳೆಯಿರಿ. ಗಾಡಿಯನ್ನು ಮುಂದೆ ತಳ್ಳಿ ಅದೇ ಚುಕ್ಕಿ ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯಿರಿ. ಯಮಹಾದ ಕೆಲವು ಮಾದರಿಗಳಲ್ಲಿ ಮುಂದೆ ಸೊನ್ನೆಯಿಂದ ಹತ್ತು ಮಿಲಿಮೀಟರಿನವರೆಗೆ ಕಡಿಮೆ ಇರಬೇಕು, ಪೊಲಾರಿಸ್‌ನ ಕೆಲವಕ್ಕೆ ಉಲ್ಟಾ, ಮುಂದೆ ಮೂರರಿಂದ ಆರು ಮಿಲಿಮೀಟರ್ ಜಾಸ್ತಿ. ಹಾಗಾಗಿ ಪಕ್ಕದ ತೋಟದವರ ಗಾಡಿಯ ಅಳತೆ ನಿಮಗೆ ಬರುವುದಿಲ್ಲ, ನಿಮ್ಮ ಮಾದರಿಯ ಮ್ಯಾನ್ಯುಯಲ್ ಹುಡುಕಿ. ಎರಡೂ ರಾಡನ್ನು ಸಮವಾಗಿ ತಿರುಗಿಸಿ. ಒಂದನ್ನೇ ತಿರುಗಿಸುತ್ತಾ ಹೋದರೆ ಹ್ಯಾಂಡಲ್ ಮತ್ತೆ ಓರೆ. ಕೊನೆಗೆ ಲಾಕ್ ನಟ್, ಹೊಸ ಸ್ಪ್ಲಿಟ್ ಪಿನ್. ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕುವವರ ಹತ್ತಿರ ನನಗೆ ಮಾತೇ ಇಲ್ಲ.

ಪ್ರಶ್ನೆ: ಕುಮಟಾದಿಂದ ಬರೆಯುತ್ತಿದ್ದೇನೆ. ಬೀಚಿನಲ್ಲಿ ಬಾಡಿಗೆಗೆ ಓಡಿದ ಎಟಿವಿ ಕೊಂಡೆ. ದೋಣಿ ಎಳೆಯುವ ದಿಮ್ಮಿಗೆ ಮೆತ್ತಗೆ ತಾಗಿದ್ದಷ್ಟೇ, ಕೆಳಗಿನ ಆರ್ಮ್ ವೆಲ್ಡಿನ ಹತ್ತಿರ ಸೀಳಿದೆ. ಮೇಲೆ ಪ್ಲೇಟ್ ಹಾಕಿ ವೆಲ್ಡ್ ಮಾಡಿದರೆ ಹೊಸದಕ್ಕಿಂತ ಗಟ್ಟಿ ಎನ್ನುತ್ತಾರೆ ವೆಲ್ಡಿಂಗ್ ಅಂಗಡಿಯವರು. ಹೌದಾ?

ಉತ್ತರ: ಮೆತ್ತಗೆ ತಾಗಿದ್ದಕ್ಕೆ ಸೀಳಿದೆ ಎಂದರೆ ಸೀಳಿದ್ದು ಆ ದಿನ ಅಲ್ಲ. ಸೀಳಿನ ಒಳಮೈ ನೋಡಿ. ಹೊಳೆಯುತ್ತಿದ್ದರೆ ಹೊಸದು, ಕಂದು ತುಕ್ಕು ಹಿಡಿದಿದ್ದರೆ ಬಹಳ ದಿನದಿಂದ ಬಾಯಿ ಬಿಟ್ಟಿತ್ತು. ಎಟಿವಿಯ ಆರ್ಮ್ ಹೆಚ್ಚಾಗಿ ಟೊಳ್ಳು ಪೈಪು. ಉಪ್ಪು ನೀರು ಒಳಗೆ ಹೋದರೆ ಒಳಗಿನಿಂದಲೇ ತಿನ್ನುತ್ತದೆ, ಹೊರಗೆ ಬಣ್ಣ ಚಂದ ಇರುತ್ತದೆ. ನಮ್ಮ ಕರಾವಳಿಯಲ್ಲಿ ಮನೆಯ ಕಿಟಕಿ ಸರಳಿಗೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾ?

ಸಣ್ಣ ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ತಿಂದಲ್ಲಿ ಡಬ್ ಎನ್ನುತ್ತದೆ. ಮಡಕೆ ಕೊಳ್ಳುವಾಗ ಬೆರಳಲ್ಲಿ ಬಡಿಯುತ್ತೇವಲ್ಲ, ಹಾಗೆ. ಡಬ್ ಎಂದ ಜಾಗದಲ್ಲಿ ಚೂಪಾದ ಸೆಂಟರ್ ಪಂಚ್ ಇಟ್ಟು ಹೊಡೆಯಿರಿ, ಒಳಗೆ ಇಳಿದರೆ ಆ ಆರ್ಮ್ ಗುಜರಿಗೆ. ತೆಳ್ಳಗಾದ ಪೈಪಿಗೆ ದಪ್ಪ ಪ್ಲೇಟ್ ವೆಲ್ಡ್ ಮಾಡಿದರೆ ಪ್ಲೇಟ್ ಗಟ್ಟಿಯೇ ಇರುತ್ತದೆ, ಅದರ ಅಂಚಿನಲ್ಲಿ ಪೈಪ್ ಮತ್ತೆ ಸೀಳುತ್ತದೆ. ವೆಲ್ಡಿಂಗ್‌ನವರು ಹೇಳುವ ಗಟ್ಟಿ ಅದೇ.

ಪೈಪ್ ಎಲ್ಲ ಕಡೆ ಟಣ್ ಎಂದರೆ ಮಾತ್ರ ವೆಲ್ಡಿನ ಯೋಚನೆ. ಸೀಳು ಎಲ್ಲಿಗೆ ಮುಗಿಯುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ತೆಗೆದು, ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಸೀಳಿನ ಒಳಗೆ ಸೇರಿದ ಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಗೆರೆ ಎದ್ದು ಕಾಣುತ್ತದೆ. ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಗೆರೆಯ ತುದಿಯಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದು ಆಮೇಲೆ ವೆಲ್ಡ್ ಮಾಡಿಸಿ, ತೂತು ಇಲ್ಲದಿದ್ದರೆ ಸೀಳು ಮುಂದೆ ಓಡುತ್ತದೆ. ನಕಲ್‌ಗೂ ಇದೇ ಪರೀಕ್ಷೆ ಮಾಡಿ, ಆದರೆ ಎರಕದ ನಕಲ್‌ನಲ್ಲಿ ಗೆರೆ ಕಂಡರೆ ವೆಲ್ಡ್ ಮಾತೇ ಬೇಡ.

ಬೀಚಿನ ಗಾಡಿಯಲ್ಲಿ ಇನ್ನೊಂದು ತಲೆನೋವು ಆರ್ಮಿನ ಬೋಲ್ಟ್. ಒಳಗಿನ ಸ್ಲೀವಿಗೆ ತುಕ್ಕಲ್ಲೇ ಅಂಟಿರುತ್ತದೆ. ಸುತ್ತಿಗೆ ತೆಗೆದುಕೊಂಡು ಹೊಡೆಯಬೇಡಿ, ಬ್ರಾಕೆಟ್ ಹೋದೀತು. ಡೀಸೆಲ್ಲಿಗೆ ಸ್ವಲ್ಪ ಗೇರ್ ಎಣ್ಣೆ ಬೆರೆಸಿ ಎರಡು ಮೂರು ದಿನ ಬಿಡುತ್ತಾ ಇರಿ, ದಿನಕ್ಕೊಮ್ಮೆ ಪಾನಾ ಹಾಕಿ ಸ್ವಲ್ಪ ಹಿಂದೆ ಮುಂದೆ ತಿರುಗಿಸಿ ನೋಡಿ. ಬಾಲ್ ಜಾಯಿಂಟ್ ಬಿಡಿಸುವಾಗ ಸಹ ಅದರ ಥ್ರೆಡ್ಡಿನ ತಲೆಗೆ ಹೊಡೆಯಬಾರದು. ನಟ್ ಸಡಿಲ ಮಾಡಿ, ನಕಲ್‌ನ ಪಕ್ಕದ ದಪ್ಪ ಭಾಗಕ್ಕೆ ಒಂದೆರಡು ಗಟ್ಟಿ ಪೆಟ್ಟು ಕೊಟ್ಟರೆ ತಾನೇ ಕಳಚುತ್ತದೆ. ಅಲ್ಯೂಮಿನಿಯಂ ನಕಲ್ ಇದ್ದರೆ ಮಾತ್ರ ಪೆಟ್ಟು ಬೇಡ, ಪುಲ್ಲರ್ ತನ್ನಿ.

ಪ್ರಶ್ನೆ: ಕಾರವಾರ. ಮುಂದಿನ ಗಾಲಿ ಪಂಕ್ಚರ್ ಹಾಕಿಸಿದ ಮೇಲೆ ನನ್ನ ಎಟಿವಿ ಒಂದು ಕಡೆ ಎಳೆಯುತ್ತಿದೆ, ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ. ಎಲ್ಲೂ ಗುದ್ದಿಲ್ಲ. ಏನು ಹೋಗಿರಬಹುದು?

ಉತ್ತರ: ಏನೂ ಹೋಗಿಲ್ಲ. ಪಂಕ್ಚರ್ ಅಂಗಡಿಯ ಹುಡುಗ ಬೈಕಿನ ಹಾಗೆ ಇಪ್ಪತ್ತೆಂಟು ಪಿಎಸ್‌ಐ ತುಂಬಿದ್ದಾನೆ. ಎಟಿವಿ ಟೈರಿಗೆ ಸಾಮಾನ್ಯವಾಗಿ ಮೂರರಿಂದ ಏಳು ಪಿಎಸ್‌ಐ ಅಷ್ಟೇ ಬೇಕಾಗುವುದು. ನಿಮ್ಮ ಗಾಡಿಗೆ ಎಷ್ಟು ಎಂದು ಅದರ ಮೇಲಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಅಂಗಡಿಯ ಗೇಜಿನಲ್ಲಿ ಐದು ಪಿಎಸ್‌ಐ ನೆಟ್ಟಗೆ ಕಾಣುವುದೂ ಇಲ್ಲ, ಕಡಿಮೆ ಒತ್ತಡದ ಗೇಜ್ ಒಂದು ಕೊಂಡಿಟ್ಟುಕೊಳ್ಳಿ, ತುಂಬಾ ದುಬಾರಿಯಲ್ಲ. ಈ ಟೈರಿನಲ್ಲಿ ಎಡ ಬಲಕ್ಕೆ ಒಂದು ಪಿಎಸ್‌ಐ ವ್ಯತ್ಯಾಸವಾದರೂ ಕೈಗೆ ಗೊತ್ತಾಗುತ್ತದೆ.

ಪ್ರಶ್ನೆ: ಯಲ್ಲಾಪುರದಿಂದ. ಮುಂಭಾಗ ಪೂರ್ತಿ ರಿಪೇರಿ ಮಾಡಿಸಿದೆ. ಇನ್ನು ಪೇಟೆಗೆ ತೆಗೆದುಕೊಂಡು ಹೋಗಬಹುದಾ?

ಉತ್ತರ: ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ, 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಪೊಲೀಸರ ಮಾತು ಬಿಡಿ. ಹೆಚ್ಚಿನ ಹಳೆಯ ಎಟಿವಿಗಳಲ್ಲಿ ಹಿಂದಿನ ಎರಡೂ ಗಾಲಿ ಒಂದೇ ಆಕ್ಸಲ್ಲಿಗೆ ಕೂತಿರುತ್ತವೆ, ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಿ ಒಂದು ಗಾಲಿ ಜಾರಿ ತಿರುವು ಸಿಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ನೀವು ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ. ಘಟ್ಟದ ತಿರುವಿನಲ್ಲಿ ಹೀಗಾದರೆ ಏನು ಗತಿ? ಇನ್ನೊಮ್ಮೆ ಮುಂಭಾಗ ರಿಪೇರಿ ಮಾಡಿಸುವ ಆಸೆ ಇದ್ದರೆ ಹೋಗಿ.

ಪ್ರಶ್ನೆ: ಸಿದ್ದಾಪುರ. ಗುದ್ದಿದ ಎಟಿವಿಗೆ ಹ್ಯಾಂಡಲ್, ಕಾಲಮ್ ಎರಡೂ ಹೊಸದು ಹಾಕಿ ನಾನೇ ಜೋಡಿಸಿದೆ. ಎಲ್ಲ ಚೆನ್ನಾಗಿದೆ, ಎಡಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಎಂಜಿನ್ ಸದ್ದು ಸ್ವಲ್ಪ ಏರುತ್ತದೆ. ಕಾರ್ಬೋರೇಟರ್ ತೊಂದರೆಯಾ?

ಉತ್ತರ: ಅಲ್ಲ. ಹೆಬ್ಬೆರಳಿನ ಥ್ರಾಟಲ್ಲಿನ ಕೇಬಲ್ ಎಲ್ಲೋ ಎಳೆಯುತ್ತಿದೆ. ಜೋಡಿಸುವಾಗ ಕೇಬಲ್ಲನ್ನು ಕಾಲಮ್ಮಿನ ತಪ್ಪು ಬದಿಯಿಂದ ತಂದಿದ್ದೀರಿ, ಅಥವಾ ಟ್ಯಾಗ್ ಹಾಕಿ ಬಿಗಿಯಾಗಿ ಕಟ್ಟಿದ್ದೀರಿ. ಸ್ವಲ್ಪವೇ ಏರುತ್ತದೆ ಎಂದು ಸುಮ್ನೆ ಬಿಡಬೇಡಿ. ಇಳಿಜಾರಿನಲ್ಲಿ ಎಡಕ್ಕೆ ತಿರುಗಿಸಿದಾಗ ಗಾಡಿ ತಾನೇ ಜೋರಾದರೆ ಹೊಸ ಹ್ಯಾಂಡಲ್ ಹಿಡಿದುಕೊಂಡೇ ಗುದ್ದುತ್ತೀರಿ. ಕ್ಯಾರಿಯರ್, ಪ್ಲಾಸ್ಟಿಕ್ ಬಿಚ್ಚಿ ಕೇಬಲ್ ಹೋದ ದಾರಿ ಪೂರ್ತಿ ನೋಡಿ, ಗುದ್ದಿದಾಗ ಚಪ್ಪಟೆಯಾಗಿದ್ದರೆ ಅದನ್ನೇ ಬದಲಾಯಿಸಿ. ಹಾಗೆಯೇ ಬ್ರೇಕ್ ಹೋಸ್ ಎರಡೂ ಕೊನೆಗೆ ತಿರುಗಿಸಿದಾಗ ಬಿಗಿಯುತ್ತದಾ, ಟೈರಿಗೆ ತಾಗುತ್ತದಾ ನೋಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಐಡಲ್ ಓಡುವಾಗ ಆ ಕೊನೆಯಿಂದ ಈ ಕೊನೆಗೆ ಹತ್ತು ಸಲ ತಿರುಗಿಸಿದರೂ ಸದ್ದು ಬದಲಾಗಬಾರದು. ಆಮೇಲೆ ಸುಗ್ಗಿ ಮುಗಿದ ಗದ್ದೆಯಲ್ಲಿ ನಿಧಾನಕ್ಕೆ ಅರ್ಧ ಗಂಟೆ ಓಡಿಸಿ, ಇಳಿದು, ಮುಂಭಾಗದ ಪ್ರತಿ ನಟ್ಟಿಗೂ ಮತ್ತೊಮ್ಮೆ ಪಾನಾ ಹಾಕಿ. ಅಲ್ಲಿಯವರೆಗೆ ಕೀಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.